ರಂಜಕ (ಫಾಸ್ಫರಸ್) ಕಡಿಮೆಯಿರುವ ನೆಲಕ್ಕೆ ಏಕದಳ ಧಾನ್ಯವೋ, ಕಾಡುಹುಲ್ಲೋ?

ಕಾಳು ಬೇಕಿದ್ದರೆ ಧಾನ್ಯವನ್ನೇ ಬಿತ್ತಬೇಕು, ಅದರಲ್ಲಿ ಎರಡು ಮಾತಿಲ್ಲ. ನೆಲ ಹಸಿರಾಗಿದ್ದರೆ ಸಾಕು ಅನ್ನುವವರಿಗೆ ಹುಲ್ಲೇ ವಾಸಿ.

ರಂಜಕ ಮಣ್ಣಲ್ಲಿ ಸರಿದಾಡುವುದೇ ಕಡಿಮೆ. ಬೇರಿನ ಸುತ್ತ ಒಂದೆರಡು ಮಿಲಿಮೀಟರ್‌ನಲ್ಲಿದ್ದದ್ದು ಬೇಗ ಖಾಲಿಯಾಗುತ್ತದೆ. ಹಾಗಾಗಿ ಬೇರು ತಾನೇ ಹೊಸ ಜಾಗಕ್ಕೆ ಚಾಚಬೇಕು. ಗೋಧಿ, ಬಾರ್ಲಿ ಉದ್ದನೆಯ ಬೇರುಗೂದಲು ಬಿಡುತ್ತವೆ, ಶಿಲೀಂಧ್ರದ ನೆರವನ್ನೂ ಪಡೆಯುತ್ತವೆ. ಆದರೆ ಅವಕ್ಕೆ ಅವಸರ ಜಾಸ್ತಿ. ಕೆಲವೇ ತಿಂಗಳಲ್ಲಿ ಕಾಳು ಕಟ್ಟಬೇಕು, ಗಿಡದ ರಂಜಕದ ಬಹುಪಾಲು ಆ ಕಾಳಿನ ಜೊತೆ ಹೊಲದಿಂದ ಹೊರಗೆ ಹೋಗುತ್ತದೆ.

ಬಡ ನೆಲಕ್ಕೆ ಒಗ್ಗಿದ ಬಹುವಾರ್ಷಿಕ ಹುಲ್ಲು ನಿಧಾನಕ್ಕೆ ಬೆಳೆಯುತ್ತದೆ, ಬೇರಿಗೆ ಹೆಚ್ಚು ಪಾಲು ಕೊಡುತ್ತದೆ. ಹಣ್ಣಾಗುವ ಎಲೆಯಿಂದ ರಂಜಕವನ್ನು ಹಿಂದಕ್ಕೆಳೆದು ಹೊಸ ಚಿಗುರಿಗೆ ಬಳಸುತ್ತದೆ. ಎಷ್ಟು ಚೆಂದದ ಮಿತವ್ಯಯ ಅಲ್ವಾ! ಆದರೆ ಪದೇ ಪದೇ ಕೊಯ್ದು ಸಾಗಿಸಿದರೆ ಇದೂ ಸೊರಗುತ್ತದೆ.

ಧಾನ್ಯವೇ ನಿಮ್ಮ ಆಯ್ಕೆಯಾದರೆ ಎಳೆಯದರಲ್ಲೇ ಜೋರಾಗಿ ಬೇರು ಬಿಡುವ ತಳಿ ನೋಡಿ. ಕಸಲತ್ ಎಂಬ ಹಳೆಯ ಭತ್ತದ ಪಿಎಸ್‌ಟಿಒಎಲ್1 ಜೀನ್ ಮಾಡುವ ಕೆಲಸ ಇದೇ ಎಂದು 2012ರಲ್ಲಿ ಗೊತ್ತಾಯಿತು. ಗೊಬ್ಬರವನ್ನು ಸುಮ್ನೆ ಎರಚಬೇಡಿ, ಬೀಜದ ಸಾಲಿನ ಪಕ್ಕದಲ್ಲೇ ಸ್ವಲ್ಪ ಹಾಕಿ.