ದೊಡ್ಡ ಬಸ್ಸು, ಸಣ್ಣ ಗುಂಪು, ನದಿಯ ಹಡಗು: ಒಂಟಿಯಾಗಿ ಹೊರಟ ಹಿರಿಯರಿಗೆ ಯಾವುದು ಹಿತ?

ಅರವತ್ತಾರು ತುಂಬಿದ ಮೇಲೆ, ಜೊತೆಗೆ ಯಾರನ್ನೂ ಕರೆದುಕೊಳ್ಳದೆ, ಮೂರು ಬಗೆಯ ಗುಂಪು ಪ್ರವಾಸಗಳಲ್ಲಿ ಯುರೋಪಿಗೆ ಹೋಗಿ ಬಂದಿದ್ದೇನೆ. ಮೊದಲನೆಯದು 44 ಜನರ ಕೋಚ್ ಬಸ್ಸಿನಲ್ಲಿ ಪ್ಯಾರಿಸ್‌ನಿಂದ ರೋಮ್‌ವರೆಗೆ 12 ದಿನ; ಎರಡನೆಯದು 13 ಜನರ ಸಣ್ಣ ಗುಂಪಿನೊಂದಿಗೆ ಪೋರ್ಚುಗಲ್‌ನಲ್ಲಿ 9 ರಾತ್ರಿ; ಮೂರನೆಯದು ರೈನ್ ನದಿಯ ಹಡಗಿನಲ್ಲಿ ಬಾಸೆಲ್‌ನಿಂದ ಆಮ್‌ಸ್ಟರ್‌ಡ್ಯಾಮ್‌ವರೆಗೆ 7 ರಾತ್ರಿ. ಇವುಗಳನ್ನು ಹೋಲಿಸುವವರು ಸಾಮಾನ್ಯವಾಗಿ ನೋಡುವ ಸ್ಥಳಗಳ ಪಟ್ಟಿಯನ್ನೂ ಖರ್ಚನ್ನೂ ಎದುರುಬದುರು ಇಡುತ್ತಾರೆ. ನನಗೆ ಮಾತ್ರ ಬೇರೆ ಎರಡು ಸಂಗತಿಗಳೇ ಮುಖ್ಯವಾಗಿ ಕಂಡವು: ಎಷ್ಟು ರಾತ್ರಿಗೊಮ್ಮೆ ಹಾಸಿಗೆ ಬದಲಾಗುತ್ತದೆ ಮತ್ತು ರಾತ್ರಿ ಊಟದ ಹೊತ್ತಿಗೆ ನಮ್ಮ ಕುರ್ಚಿ ಎಲ್ಲಿರುತ್ತದೆ.

ದೊಡ್ಡ ಬಸ್ಸಿನ ಪ್ರವಾಸದಲ್ಲಿ 12 ದಿನಕ್ಕೆ ಏಳು ಹೋಟೆಲುಗಳಾದವು. ಬೆಳಿಗ್ಗೆ ಆರಕ್ಕೆ ಸೂಟ್‌ಕೇಸು ಬಾಗಿಲ ಹೊರಗೆ, ಏಳಕ್ಕೆ ತಿಂಡಿ, ಎಂಟಕ್ಕೆ ಬಸ್ಸು. ನಮ್ಮ ಟೂರ್ ಮ್ಯಾನೇಜರ್ ಇದನ್ನು ಪ್ರತಿ ರಾತ್ರಿ ‘ಆರು–ಏಳು–ಎಂಟು’ ಎಂದು ಮಾತ್ರ ಹೇಳಿ ಮುಗಿಸುತ್ತಿದ್ದರು. ಮೂರನೆಯ ದಿನ ನಾನು ನಿದ್ದೆಗಣ್ಣಿನಲ್ಲಿ ರಕ್ತದೊತ್ತಡದ ಮಾತ್ರೆಗಳ ಡಬ್ಬಿಯನ್ನೂ ಸೂಟ್‌ಕೇಸಿನೊಳಗೇ ಇಟ್ಟು ಹೊರಗೆ ತಳ್ಳಿಬಿಟ್ಟೆ. ತಿಂಡಿ ಮುಗಿಸಿ ಕೈಚೀಲ ತಡಕಿದಾಗ ಎದೆ ಧಸಕ್ಕೆಂದಿತು. ತುಂತುರು ಮಳೆಯಲ್ಲಿ ಚಾಲಕರು ಬಸ್ಸಿನ ಹೊಟ್ಟೆಯ ಬಾಗಿಲು ತೆರೆದು, ಒಂದೊಂದಾಗಿ ಹನ್ನೊಂದು ಸೂಟ್‌ಕೇಸುಗಳನ್ನು ರಸ್ತೆಗಿಳಿಸಿ ನನ್ನದನ್ನು ಹೊರತೆಗೆಯುವಾಗ, ಕಿಟಕಿಗಳಿಂದ ನಲವತ್ತಮೂರು ಮುಖಗಳು ನೋಡುತ್ತಿದ್ದವು. ಅಂದಿನಿಂದ ಮಾತ್ರೆಗಳು, ಅವುಗಳ ಔಷಧನಾಮ ಬರೆದ ವೈದ್ಯರ ಚೀಟಿ, ಇನ್ನೊಂದು ಜೊತೆ ಕನ್ನಡಕ ಇವೆಲ್ಲ ಹೆಗಲ ಚೀಲ ಬಿಟ್ಟು ಕದಲಿಲ್ಲ.

ಇಷ್ಟಾದರೂ ದೊಡ್ಡ ಗುಂಪಿಗೆ ಒಂದು ದೊಡ್ಡ ಗುಣವಿದೆ, ಅದನ್ನು ಯಾವ ಬ್ರೋಷರೂ ಹೇಳುವುದಿಲ್ಲ: ನಲವತ್ತನಾಲ್ಕು ಜನರಲ್ಲಿ ನಮಗಿಂತ ನಿಧಾನವಾಗಿ ನಡೆಯುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಕಿವಿಗೆ ಸಿಕ್ಕಿಸಿಕೊಳ್ಳುವ ಉಪಕರಣದಲ್ಲಿ ಗೈಡ್ ಮಾತು ಕೇಳಿಸುತ್ತಲೇ ಇರುವುದರಿಂದ ಇಪ್ಪತ್ತು ಹೆಜ್ಜೆ ಹಿಂದೆ ಬಿದ್ದರೂ ಕಥೆ ತಪ್ಪುವುದಿಲ್ಲ. ಯುರೋಪಿನ ಒಕ್ಕೂಟದ ನಿಯಮದಂತೆ ಚಾಲಕರು ನಾಲ್ಕೂವರೆ ಗಂಟೆ ಓಡಿಸಿದರೆ ಮುಕ್ಕಾಲು ಗಂಟೆ ವಿರಾಮ ಪಡೆಯಲೇಬೇಕು. ಅದನ್ನು ಎರಡು ಕಂತು ಮಾಡಿಕೊಳ್ಳುವುದರಿಂದ ಶೌಚಾಲಯಕ್ಕೂ ಕಾಲು ಚಾಚುವುದಕ್ಕೂ ಅವಕಾಶ ತಾನಾಗಿಯೇ ಒದಗುತ್ತಿತ್ತು. ವೆನಿಸ್‌ನಲ್ಲಿ 2024ರಿಂದ ಗೈಡ್ ಜೊತೆಗಿನ ಗುಂಪು 25 ಜನರನ್ನು ಮೀರುವಂತಿಲ್ಲ, ಧ್ವನಿವರ್ಧಕವನ್ನೂ ಬಳಸುವಂತಿಲ್ಲ. ಆದ್ದರಿಂದ ನಮ್ಮನ್ನು ಎರಡು ಪಾಲು ಮಾಡಿದರು, ಆ ಒಂದು ದಿನ ನಾವು ಮಂದೆಯಂತೆ ಕಾಣದೆ ಪ್ರಯಾಣಿಕರಂತೆ ಕಂಡೆವು. ರೋಮ್‌ನಲ್ಲಿ ಇದಕ್ಕೆ ತದ್ವಿರುದ್ಧ: ವ್ಯಾಟಿಕನ್ನಿನ ಸಿಸ್ಟೀನ್ ಚಾಪೆಲ್ಲಿನ ಒಳಗೆ ಗೈಡ್‌ಗಳು ವಿವರಣೆ ಕೊಡುವಂತಿಲ್ಲವಾದ್ದರಿಂದ ಚಾವಣಿಯ ಚಿತ್ರಗಳ ಕಥೆಯನ್ನೆಲ್ಲ ಹೊರಗೆ ಬಿಸಿಲಿನಲ್ಲಿ ನಿಂತೇ ಕೇಳಬೇಕಾಯಿತು, ಮಂಡಿಗಳು ಅಲ್ಲೇ ಸೋತವು.

ದೊಡ್ಡ ಗುಂಪಿನ ನಿಜವಾದ ಕೊರತೆ ಸಂಜೆಗೆ ಕಾಣಿಸಿಕೊಳ್ಳುತ್ತದೆ. ಹಗಲೆಲ್ಲ ಎಲ್ಲರೂ ಒಂದೇ; ಆದರೆ ‘ಇಂದು ರಾತ್ರಿಯ ಊಟ ನಿಮ್ಮ ನಿಮ್ಮ ಇಷ್ಟ’ ಎಂದು ಘೋಷಿಸಿದ ಕೂಡಲೇ ದಂಪತಿಗಳು, ಅಕ್ಕತಂಗಿಯರು, ಸ್ನೇಹಿತರ ಕೂಟಗಳು ಹತ್ತು ನಿಮಿಷದಲ್ಲಿ ಕರಗಿಹೋಗಿ ಹೋಟೆಲಿನ ಲಾಬಿಯಲ್ಲಿ ನಾವೊಬ್ಬರೇ ಉಳಿಯುತ್ತೇವೆ. ಅಂಥ ಸಂಜೆಗಳು 12ರಲ್ಲಿ ಐದು ಇದ್ದವು. ಹೊರಡುವ ಮುನ್ನ ನಾನು ಅದನ್ನು ಎಣಿಸಿರಲಿಲ್ಲ.

ಆ ಪ್ರವಾಸದಲ್ಲಿ ಕೋಣೆಯನ್ನು ಹಂಚಿಕೊಂಡಿದ್ದೆ. ಬ್ರೋಷರಿನಲ್ಲಿ ತಲೆಗಿಷ್ಟು ಎಂದು ಅಚ್ಚಾಗಿರುವ ದರ ಸಾಮಾನ್ಯವಾಗಿ ಇಬ್ಬರು ಒಂದು ಕೋಣೆಯಲ್ಲಿ ಇರುವರೆಂಬ ಲೆಕ್ಕದ್ದು. ಒಬ್ಬರೇ ಇದ್ದರೆ ಕೋಣೆಯ ಉಳಿದರ್ಧದ ಹೊರೆಯೂ ನಮ್ಮ ಮೇಲೆ ಬೀಳುತ್ತದೆ, ಅದೇ ಸಿಂಗಲ್ ಸಪ್ಲಿಮೆಂಟ್. ಅದನ್ನು ಉಳಿಸಲೆಂದು ಸಂಸ್ಥೆಯವರೇ ಹುಡುಕಿಕೊಟ್ಟ ಅಪರಿಚಿತ ಮಹಿಳೆಯೊಂದಿಗೆ ಇರಲು ಒಪ್ಪಿದೆ. ಅವರು ನನಗಿಂತ ಎರಡು ವರ್ಷ ಹಿರಿಯರು. ಮೊದಲ ರಾತ್ರಿ, ಇನ್ನೊಬ್ಬರ ನಿದ್ದೆ ಕೆಡದಿರಲೆಂದು ಇಬ್ಬರೂ ದೀಪ ಹಾಕದೆ ಕತ್ತಲಲ್ಲೇ ಗೋಡೆ ಸವರುತ್ತ ಬಚ್ಚಲಿಗೆ ಹೋಗಿ ಬಂದೆವು. ಇಬ್ಬರೂ ಆಗ ಎಚ್ಚರವಾಗಿಯೇ ಇದ್ದೆವೆಂಬುದು ತಿಳಿದದ್ದು ಬೆಳಗಾದ ಮೇಲೆ. ನಿದ್ದೆಯ ದೃಷ್ಟಿಯಿಂದ ಇದು ನಷ್ಟದ ವ್ಯಾಪಾರವೇ. ಆದರೆ ಫ್ಲಾರೆನ್ಸ್‌ನಲ್ಲಿ ನನಗೆ ತಲೆ ಸುತ್ತಿ ಏಳಲಾಗದಿದ್ದ ಬೆಳಿಗ್ಗೆ, ನಾನು ಫೋನಿಗೆ ಕೈ ಚಾಚುವ ಮೊದಲೇ ಮ್ಯಾನೇಜರನ್ನು ಕರೆತಂದವರು ಅವರೇ. ಮುಂದಿನ ಎರಡು ಪ್ರವಾಸಗಳಲ್ಲಿ ಹೆಚ್ಚುವರಿ ಹಣ ತೆತ್ತು ಒಂಟಿ ಕೋಣೆ ಹಿಡಿದಾಗ, ಮೊದಲ ದಿನವೇ ಗೈಡ್‌ಗೆ ಒಂದು ಮಾತು ಹೇಳಿಟ್ಟೆ: ಹೊರಡುವ ಅರ್ಧ ಗಂಟೆ ಮುಂಚೆ ನಾನು ತಿಂಡಿಗೆ ಕಾಣದಿದ್ದರೆ ಕೋಣೆಗೆ ಫೋನ್ ಮಾಡಿ, ಉತ್ತರ ಬಾರದಿದ್ದರೆ ಬಾಗಿಲು ತೆಗೆಸಿ. ಎರಡೂ ಪ್ರವಾಸಗಳ ಗೈಡ್‌ಗಳು ನಗದೆ ಬರೆದುಕೊಂಡರು.

ಸಣ್ಣ ಗುಂಪು ಹಿರಿಯರಿಗೆ ಹೇಳಿಮಾಡಿಸಿದ್ದು ಎಂಬ ಮಾತನ್ನು ನಂಬಿ ಪೋರ್ಚುಗಲ್‌ಗೆ ಹೋದೆ. ಅರ್ಧ ನಿಜ. ರಾತ್ರಿ ಹದಿಮೂರು ಜನಕ್ಕೂ ಒಂದೇ ಉದ್ದನೆಯ ಮೇಜು; ಕುರ್ಚಿಯ ಪ್ರಶ್ನೆಯೇ ಏಳಲಿಲ್ಲ, ಎರಡನೆಯ ದಿನಕ್ಕೆ ಎಲ್ಲರ ಹೆಸರೂ ಮೊಮ್ಮಕ್ಕಳ ಸಂಖ್ಯೆಯೂ ಬಾಯಿಗೆ ಬಂದಿದ್ದವು. ಹೋಟೆಲುಗಳು ಮೂರೇ, ತಲಾ ಮೂರು ಮೂರು ರಾತ್ರಿ. ಆದರೆ ಸಣ್ಣ ಗುಂಪೆಂದರೆ ಸಣ್ಣ ಹೋಟೆಲು, ಸಣ್ಣ ಹೋಟೆಲೆಂದರೆ ಹಳೆಯ ಕಟ್ಟಡ, ಹಳೆಯ ಕಟ್ಟಡವೆಂದರೆ ಲಿಫ್ಟ್ ಇಲ್ಲದ ಮೂರನೆಯ ಮಹಡಿ. ಸೂಟ್‌ಕೇಸು ನಮ್ಮದೇ ಹೊಣೆ. ದೊಡ್ಡ ಬಸ್ಸು ಹೋಗಲಾರದ ಓಣಿಗಳಿಗೆ ಕರೆದೊಯ್ಯುವುದೇ ಈ ಪ್ರವಾಸದ ಹೆಮ್ಮೆ, ಎಂದರೆ ಆ ಓಣಿಗಳನ್ನು ಕಾಲಿನಿಂದಲೇ ಏರಬೇಕು. ಲಿಸ್ಬನ್ನಿನ ಅಲ್ಫಾಮಾದಲ್ಲಿ ಕಾಲುದಾರಿಗೆ ಹಾಸಿರುವ ಸುಣ್ಣಕಲ್ಲಿನ ಚಿಕ್ಕ ಚಿಕ್ಕ ತುಂಡುಗಳು ಕಾಲಾಂತರದಲ್ಲಿ ಸವೆದು ನುಣುಪಾಗಿವೆ. ಮಳೆ ಬಿದ್ದರೆ ಇಳಿಜಾರಿನಲ್ಲಿ ಸೋಪು ಸವರಿದಂತೆ ಜಾರುತ್ತವೆ. ಅಲ್ಲಿ ನಾನು ಎರಡು ಕೈಯಿಂದಲೂ ಗೋಡೆ ಹಿಡಿದು ಇಳಿಯುತ್ತಿದ್ದಾಗ ಕೆಳಗೆ ಹನ್ನೆರಡು ಜನ ಸಾಲಾಗಿ ನಿಂತು, ತುಂಬಾ ಒಳ್ಳೆಯ ಮನಸ್ಸಿನಿಂದಲೇ, ಕಾಯುತ್ತಿದ್ದರು. ಹದಿಮೂರು ಜನರಲ್ಲಿ ಕೊನೆಯವರಾಗುವುದಕ್ಕೂ ನಲವತ್ತನಾಲ್ಕು ಜನರಲ್ಲಿ ಹಿಂದುಳಿಯುವುದಕ್ಕೂ ಇರುವ ವ್ಯತ್ಯಾಸ ನನಗೆ ಆಗ ಅರ್ಥವಾಯಿತು. ಪ್ರವಾಸ ವಿವರದಲ್ಲಿ ‘ಮಧ್ಯಮ ನಡಿಗೆ’ ಎಂದು ಬರೆದಿದ್ದರು. ಎಷ್ಟು ಕಿಲೋಮೀಟರು, ಎಷ್ಟು ಮೆಟ್ಟಿಲು, ಕೈಹಿಡಿ ಇದೆಯೇ ಎಂದು ಕೇಳದೆ ಹೋದದ್ದು ನನ್ನ ತಪ್ಪು.

ನದಿಯ ಹಡಗಿನಲ್ಲಿ ಹಾಸಿಗೆಯ ಲೆಕ್ಕ ಪೂರ್ತಿ ತೀರಿತು: ಒಮ್ಮೆ ಸೂಟ್‌ಕೇಸು ಬಿಚ್ಚಿ ಬಟ್ಟೆ ಜೋಡಿಸಿದರೆ ಊರುಗಳೇ ನಮ್ಮ ಬಳಿಗೆ ಬರುತ್ತವೆ. ಹಡಗು ಸ್ಟ್ರಾಸ್‌ಬರ್ಗ್, ಕೊಬ್ಲೆಂಝ್, ಕಲೋನ್‌ಗಳಲ್ಲಿ ನಿಂತಾಗಲೆಲ್ಲ ನಿಧಾನವಾಗಿ ನಡೆಯುವವರಿಗೆಂದೇ ಪ್ರತ್ಯೇಕ ಗೈಡ್ ಇದ್ದರು. ಆ ತಂಡಕ್ಕೆ ಸೇರಲು ನನಗೆ ಯಾವ ಮುಜುಗರವೂ ಆಗಲಿಲ್ಲ, ಏಕೆಂದರೆ ಹಡಗಿನ ಕಾಲುಭಾಗ ಜನ ಅಲ್ಲೇ ಇದ್ದರು. ಬಿಂಗೆನ್ ಮತ್ತು ಕೊಬ್ಲೆಂಝ್ ನಡುವಿನ 65 ಕಿಲೋಮೀಟರು ಕಣಿವೆ 2002ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಅದನ್ನು ನಾನು ಒಂದು ಹೆಜ್ಜೆಯೂ ನಡೆಯದೆ, ಮೇಲಟ್ಟದ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತು, ಕೋಟೆಗಳನ್ನು ಎಣಿಸುತ್ತ ಕಳೆದೆ. ತೊಂದರೆಗಳು ಬೇರೆ ಬಗೆಯವು. ಬಾಸೆಲ್‌ನಿಂದ ಇಫೆಟ್ಸ್‌ಹೈಮ್‌ವರೆಗೆ ಹಡಗನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಇಳಿಸುವ ಹತ್ತು ಜಲಬಾಗಿಲುಗಳಿವೆ; ಅವುಗಳ ಇಕ್ಕಟ್ಟಿನಲ್ಲಿ ಹಡಗು ರಾತ್ರಿ ಗೋಡೆಗೆ ಉಜ್ಜಿದಾಗಲೆಲ್ಲ ಕೆಳಗಿನ ಅಂತಸ್ತಿನ ನನ್ನ ಕ್ಯಾಬಿನ್ ನಡುಗುತ್ತಿತ್ತು. ಲಿಫ್ಟ್ ನನ್ನ ಅಂತಸ್ತಿಗೂ ಬರುತ್ತಿರಲಿಲ್ಲ, ಮೇಲಟ್ಟಕ್ಕೂ ಹೋಗುತ್ತಿರಲಿಲ್ಲ. ನೀರು ತೀರ ಇಳಿದ ವರ್ಷಗಳಲ್ಲಿ ಹಡಗು ಮುಂದೆ ಹೋಗಲಾಗದೆ ಪ್ರಯಾಣಿಕರನ್ನು ಬಸ್ಸಿಗೆ ಹತ್ತಿಸುವುದೂ ಉಂಟು. ನಾವು ಹೋದಾಗ ನೀರಿತ್ತು. ಒಂಟಿ ಪ್ರಯಾಣಿಕರ ಹೆಚ್ಚುವರಿ ಹಣವೂ ಮೂರರಲ್ಲಿ ಇಲ್ಲಿಯೇ ಅತಿ ಹೆಚ್ಚು. ಋತುವಿನ ಮೊದಲ ಅಥವಾ ಕೊನೆಯ ವಾರಗಳಲ್ಲಿ ಕ್ಯಾಬಿನ್ ಉಳಿದರೆ ಕೆಲವು ಸಂಸ್ಥೆಯವರು ಆ ಹಣವನ್ನು ಇಳಿಸುತ್ತಾರೆ, ಬಿಟ್ಟೂ ಬಿಡುತ್ತಾರೆ; ನನಗೆ ಅರ್ಧ ಇಳಿಸಿದರು.

ಹಡಗಿನ ಊಟದ ಕೋಣೆಯಲ್ಲಿ ಯಾರ ಮೇಜೂ ನಿಗದಿಯಾಗಿರಲಿಲ್ಲ. ಮೊದಲ ಸಂಜೆ ನಾನು ಹೊತ್ತಿಗೆ ಸರಿಯಾಗಿ ಹೋದೆ. ಅಷ್ಟರಲ್ಲಿ ನಾಲ್ವರ, ಆರು ಜನರ ಮೇಜುಗಳೆಲ್ಲ ಜೋಡಿಗಳಿಂದ ತುಂಬಿ, ಕೈಯಲ್ಲಿ ಕನ್ನಡಕದ ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟೆ. ಮಾಣಿಯೊಬ್ಬರು ಒಂದು ಕುರ್ಚಿ ತಂದು ಆರರ ಮೇಜಿನ ಮೂಲೆಯಲ್ಲಿ ಏಳನೆಯದಾಗಿ ಸೇರಿಸಿದರು. ಮರುದಿನ ಹತ್ತು ನಿಮಿಷ ಮುಂಚೆಯೇ ಹೋಗಿ, ಕಿಟಕಿ ಪಕ್ಕದ ಆರರ ಮೇಜನ್ನು ಖಾಲಿ ಇರುವಾಗಲೇ ಹಿಡಿದು ಕೂತೆ. ಬಂದವರು ‘ಇಲ್ಲಿ ಕೂರಬಹುದೇ?’ ಎಂದು ನನ್ನನ್ನು ಕೇಳಬೇಕಾಯಿತು. ಈ ಉಪಾಯ ಉಳಿದ ಐದು ರಾತ್ರಿಯೂ ಕೈಕೊಡಲಿಲ್ಲ.

ದಾಖಲೆಗಳ ವಿಷಯದಲ್ಲಿ ಮೂರಕ್ಕೂ ಭೇದವಿಲ್ಲ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಬೇಕು, ಹಿಂತಿರುಗುವ ದಿನದಾಚೆಗೆ ಪಾಸ್‌ಪೋರ್ಟಿಗೆ ಮೂರು ತಿಂಗಳ ಅವಧಿ ಉಳಿದಿರಬೇಕು. ವಿಮೆಯ ಅರ್ಜಿಯಲ್ಲಿ ಹಳೆಯ ಕಾಯಿಲೆಗಳನ್ನು ಮುಚ್ಚಿಡಬಾರದು. ಮುಚ್ಚಿಟ್ಟರೆ ಬೇಕಾದ ಹೊತ್ತಿಗೆ ಹಣ ಸಿಗದಿರಬಹುದು.

ಹಣದ ಲೆಕ್ಕ ಬದಿಗಿಟ್ಟರೆ ನನ್ನ ಮೊದಲ ಆಯ್ಕೆ ಹಡಗು, ಮಧ್ಯದ ಅಂತಸ್ತಿನ ಕ್ಯಾಬಿನ್ ಸಿಕ್ಕರೆ. ಹಣವೂ ಲೆಕ್ಕಕ್ಕೆ ಬರುವುದಾದರೆ, ಒಂದೇ ಹೋಟೆಲಿನಲ್ಲಿ ಮೂರು ರಾತ್ರಿ ನಿಲ್ಲುವ ದೊಡ್ಡ ಬಸ್ಸು. ಮಂಡಿ ಗಟ್ಟಿ ಇರುವವರಿಗೆ ಮಾತ್ರ ಸಣ್ಣ ಗುಂಪು. ನಾಲ್ಕನೆಯ ಪ್ರವಾಸಕ್ಕೆಂದು ಈಚೆಗೆ ಒಂದು ಬಸ್ಸಿನ ಸಂಸ್ಥೆಗೆ ಫೋನ್ ಮಾಡಿ, ಎಷ್ಟು ರಾತ್ರಿಗೆ ಎಷ್ಟು ಹೋಟೆಲು, ಎಷ್ಟು ಸಂಜೆ ಊಟ ಒಟ್ಟಿಗೆ ಎಂದು ಕೇಳಿದೆ. ಆ ಕಡೆಯ ಹುಡುಗಿ ಸ್ಥಳಗಳ ಪಟ್ಟಿ ಓದತೊಡಗಿದಳು. ನಾನು ಮತ್ತೆ ಕೇಳಿದೆ. ಹಾಳೆ ಮಗುಚುವ ಸದ್ದು ಕೇಳಿಸಿತು, ಎಣಿಸಿ ಹೇಳಿದಳು: ಹತ್ತು ರಾತ್ರಿಗೆ ನಾಲ್ಕು ಹೋಟೆಲು, ಊಟ ಎಂಟು ಸಂಜೆ. ಮುಂಗಡ ಕಟ್ಟಿದ್ದೇನೆ.