ಅಮ್ಮನ ಲಿವರ್ ಸ್ಕ್ಯಾನ್: ಡಾಕ್ಟರು ಚೆನ್ನ, ಕೌಂಟರ್ ಸಹವಾಸ ಬೇಡ

ಮೈಸೂರಿನ ಒಂದು ಸ್ಕ್ಯಾನಿಂಗ್ ಸೆಂಟರ್. ಹೆಸರು ಬೇಡ. 5ಕ್ಕೆ 3 ಸ್ಟಾರ್, ಮೂರೂ ಒಳಗಿದ್ದ ಡಾಕ್ಟರಿಗೆ.

ಅಮ್ಮನಿಗೆ ಶುಗರ್ ಹಳೇದು, ಜೊತೆಗೆ ಫ್ಯಾಟಿ ಲಿವರ್. ಜೀವನದಲ್ಲಿ ಒಂದು ಹನಿ ಕುಡಿದವರಲ್ಲ, ಆದರೂ ಲಿವರ್ ಎಷ್ಟು ಗಟ್ಟಿ ಅಂತ ಅಳೆಯುವ ಫೈಬ್ರೋಸ್ಕ್ಯಾನ್‌ನಲ್ಲಿ ಗಟ್ಟಿಯಾಗಿದೆ ಅಂತ ಬಂತು. ಅಂಥವರಿಗೆ ಲಿವರ್ ಕ್ಯಾನ್ಸರ್ ಭಯ ಜಾಸ್ತಿಯಂತೆ. ಹಾಗಾಗಿ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್, ಜೊತೆಗೆ ಎಎಫ್‌ಪಿ ಅನ್ನುವ ರಕ್ತ ಪರೀಕ್ಷೆ.

ಹೋದ ಸಲ ಬೇರೆ ಕಡೆ ಮಾಡಿಸಿದ್ದೆವು. ಐದೇ ನಿಮಿಷ. ಗ್ರೇಡ್ 2 ಫ್ಯಾಟಿ ಲಿವರ್, ಗಡ್ಡೆ ಏನೂ ಇಲ್ಲ ಅಂದರು, ಖುಷಿಯಾಗಿ ದೋಸೆ ತಿಂದು ಮನೆಗೆ ಬಂದೆವು. ಈ ಸಲ ಇಲ್ಲಿನ ಡಾಕ್ಟರ್ ಮೇಡಂ ಅಮ್ಮನನ್ನು ಎಡಕ್ಕೆ ಹೊರಳಿಸಿ, "ಉಸಿರು ಎಳ್ಕೊಳ್ಳಿ ಅಮ್ಮಾ, ಹಂಗೇ ಹಿಡ್ಕೊಳ್ಳಿ" ಅಂತ ಪಕ್ಕೆಲುಬಿನ ಸಂದಿಯಿಂದೆಲ್ಲ ಹುಡುಕಿ, ಗಾಲ್ ಬ್ಲಾಡರ್ ಪಕ್ಕ ಒಂದು ಕಪ್ಪು ಮಚ್ಚೆ ಹಿಡಿದರು. ಜೊತೆಗೆ ಇನ್ನೊಂದು ಮಾತು ಹೇಳಿದರು: "ಕೊಬ್ಬು ಸ್ಕ್ಯಾನ್‌ನ ಶಬ್ದದ ಅಲೆಗಳನ್ನ ತಿಂದುಹಾಕುತ್ತೆ, ಹಿಂಭಾಗ ಕಾಣ್ತಾನೇ ಇಲ್ಲ. ಕಾಣದೇ ಇರೋದನ್ನ ಇಲ್ಲ ಅಂತ ಹೇಗೆ ಬರೀಲಿ?" ರಿಪೋರ್ಟ್‌ನಲ್ಲೂ ವಿಷುಅಲೈಸೇಶನ್ ಸಿ ಅಂತ ಹಾಕಿದರು. ಎ ಅಂದರೆ ಚೆನ್ನಾಗಿ ಕಂಡಿದೆ, ಸಿ ಅಂದರೆ ಬಹಳಷ್ಟು ಕಂಡಿಲ್ಲ. ಮನೆಗೆ ಬಂದು ಹಳೇ ರಿಪೋರ್ಟ್ ತೆಗೆದು ನೋಡಿದೆ. ಈ ಸಾಲೇ ಇಲ್ಲ!

ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲಿ ಅಂತ ರಕ್ತನಾಳಕ್ಕೆ ಚುಚ್ಚುವ ಔಷಧಿ) ಹಾಕಿ ಎಂಆರ್‌ಐ ಮಾಡಿಸಿ ಅಂತ ನಮ್ಮ ಡಾಕ್ಟರು ಬರೆದುಕೊಟ್ಟರು. ಕೌಂಟರ್‌ನವನು "ಪ್ಲೇನ್ ಸಿಟಿ ಮಾಡಿಸಿ ಸಾರ್, ಕಮ್ಮಿಗಾಗುತ್ತೆ" ಅಂದ. ಪ್ಲೇನ್ ಅಂದರೆ ಕಾಂಟ್ರಾಸ್ಟ್ ಇಲ್ಲದ್ದು. ತರಕಾರಿ ಅಂಗಡೀಲಿ ಟೊಮೆಟೊ ಇಲ್ಲ, ಹುಣಸೆಹಣ್ಣು ತಗೊಳ್ಳಿ ಅಂದ ಹಾಗೆ. ಚೀಟಿ ಮುಂದೆ ಹಿಡಿದ ಮೇಲೆ ಸುಮ್ಮನಾದ. ಎಂಆರ್‌ಐ ದಿನ ಎಂಟೂವರೆಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದವರು ಹನ್ನೊಂದೂವರೆ ಆದರೂ ಕರೆಯಲಿಲ್ಲ. ಶುಗರ್ ಪೇಷೆಂಟ್ ಅಂತ ಮೂರು ಸಲ ಹೇಳಿದೆ, ಮೂರು ಸಲವೂ "ಟೋಕನ್ ಪ್ರಕಾರ ಸಾರ್". ಅಮ್ಮನ ಕೈ ನಡುಗೋಕೆ ಶುರುವಾದಾಗ ನರ್ಸ್ ಓಡಿ ಬಂದು ನೋಡಿದರೆ ಶುಗರ್ 64. ಗ್ಲೂಕೋಸ್ ಕುಡಿಸಿದರು. ಆಮೇಲೆ ಟೋಕನ್ ಗೀಕನ್ ಏನೂ ಕೇಳಲಿಲ್ಲ, ಸೀದಾ ಒಳಗೆ.

ಸ್ಕ್ಯಾನ್ ಮುಗಿದ ಮೇಲೆ ಮೇಡಂ ನಮ್ಮನ್ನು ಕೂರಿಸಿ ಪರದೆಯಲ್ಲೇ ತೋರಿಸಿದರು. ಕ್ಯಾನ್ಸರ್ ಗಡ್ಡೆ ಸಾಮಾನ್ಯವಾಗಿ ಕಾಂಟ್ರಾಸ್ಟ್ ಹೋದ ಕೂಡಲೇ ಬೆಳ್ಳಗೆ ಹೊಳೆಯುತ್ತೆ, ಸ್ವಲ್ಪ ಹೊತ್ತಾದ ಮೇಲೆ ಸುತ್ತಲಿನ ಲಿವರ್‌ಗಿಂತ ಮಂಕಾಗುತ್ತೆ. ಅದಕ್ಕೇ ಬೇರೆ ಬೇರೆ ಹೊತ್ತಲ್ಲಿ ಚಿತ್ರ ತೆಗೆಯೋದು, ಪ್ಲೇನ್‌ನಲ್ಲಿ ಈ ಆಟ ಕಾಣಲ್ಲ. ನಮ್ಮ ಮಚ್ಚೆ ಹೊಳೆಯಲೂ ಇಲ್ಲ, ಮಂಕಾಗಲೂ ಇಲ್ಲ. ಕೊಬ್ಬು ಹಿಡಿಯುವ ಇನ್ನೊಂದು ಚಿತ್ರದಲ್ಲಿ ಇಡೀ ಲಿವರ್ ಕಪ್ಪಾಯಿತು, ಅದೊಂದು ಜಾಗ ಮಾತ್ರ ಹಾಗೇ ಉಳಿಯಿತು. ಅಲ್ಲಿ ಕೊಬ್ಬು ಕೂತಿಲ್ಲ ಅಷ್ಟೇ, ಗಾಲ್ ಬ್ಲಾಡರ್ ಪಕ್ಕ ಇದು ಮಾಮೂಲಿ ಅಂದರು. ಹಿಂಭಾಗದಲ್ಲೂ ಏನೂ ಇರಲಿಲ್ಲ.

"ಹಂಗಾದ್ರೆ ನನ್ನ ಲಿವರ್‌ನಲ್ಲಿ ಚೆನ್ನಾಗಿರೋದು ಅದೊಂದೇ ಜಾಗಾನಾ?" ಅಂತ ಅಮ್ಮ ಕೇಳಿದರು. ಮೇಡಂ ನಕ್ಕುಬಿಟ್ಟರು.

ಸಿಡಿಗೆ ಬೇರೆ ದುಡ್ಡು. ಪಾರ್ಕಿಂಗ್ ಇಲ್ಲ. ಆರು ತಿಂಗಳಿಗೆ ಮತ್ತೆ ಇಲ್ಲಿಗೇ ಹೋಗುತ್ತೇವೆ, ಮೊದಲನೇ ಟೋಕನ್ ಕೊಟ್ಟರೆ.