ರೆಡಿಮೇಡ್ ಲೀಶ್ಮನ್ ಸ್ಟೇನ್: ಒಂದು ಮಳೆಗಾಲ ಬಳಸಿದ ಮೇಲೆ

ಮಂಗಳೂರಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ 11 ವರ್ಷದಿಂದ ರಕ್ತದ ಸ್ಮಿಯರ್ (ಗಾಜಿನ ಸ್ಲೈಡ್ ಮೇಲೆ ತೆಳುವಾಗಿ ಹರಡಿದ ರಕ್ತ) ನೋಡುತ್ತಿದ್ದೇನೆ. ಅದಕ್ಕೆ ಬಣ್ಣ ಕೊಡುವ ಲೀಶ್ಮನ್ ಸ್ಟೇನ್ ಮೊದಲು ನಾವೇ ಮಾಡಿಕೊಳ್ಳುತ್ತಿದ್ದೆವು. 100 ಮಿಲಿ ಮೆಥನಾಲ್‌ಗೆ 0.15 ಗ್ರಾಂ ಪುಡಿ. ಚೆನ್ನಾಗಿ ಕಲಕಿ ಕೆಲವು ದಿನ ಹಾಗೇ ಇಡಬೇಕು. ಕಳೆದ ಜೂನ್‌ನಿಂದ ರೆಡಿಮೇಡ್ ಬಾಟಲಿ ಬಂತು, ಜೊತೆಗೆ ಪಿಎಚ್ 6.8ರ ಬಫರ್, ಅಂದರೆ ಹುಳಿ-ಕ್ಷಾರ ಏರುಪೇರಾಗದ ದ್ರಾವಣ.

ಈ ಬಫರ್ ಜೊತೆಗೇ ಬರುವುದು ನನಗೆ ತುಂಬಾ ಹಿಡಿಸಿದೆ. ಕೆಲವು ಕಡೆ ನಲ್ಲಿ ನೀರನ್ನೇ ಹಾಕುತ್ತಾರೆ. ನೀರಿನಲ್ಲಿ ಕ್ಷಾರ ಜಾಸ್ತಿಯಾದರೆ ಸ್ಲೈಡೆಲ್ಲ ನೀಲಿ, ಹುಳಿಯಾದರೆ ಬರೀ ಕೆಂಪು.

ಒಣಗಿದ ಸ್ಮಿಯರ್ ಮೇಲೆ ಸ್ಟೇನ್ ಹಾಕಿ 2 ನಿಮಿಷ ಬಿಡುತ್ತೇನೆ. ಆಮೇಲೆ ಅದರ ಎರಡರಷ್ಟು ಬಫರ್. ಮೆಲ್ಲಗೆ ಬೆರೆಸಿದರೆ ಮೇಲೆ ಹೊಳೆಯುವ ಹಸಿರು ಪೊರೆ ಕಟ್ಟುತ್ತದೆ. 8 ನಿಮಿಷ ಬಿಟ್ಟು ತೊಳೆದರೆ ತುದಿಯಲ್ಲಿ ತಿಳಿ ಗುಲಾಬಿ ಬಣ್ಣ. ಆಯಿಲ್ ಹಾಕಿ ಮೈಕ್ರೋಸ್ಕೋಪ್‌ನ 100ರ ಲೆನ್ಸ್‌ನಲ್ಲಿ ನೋಡಿದರೆ ವೈವ್ಯಾಕ್ಸ್ ಎಂಬ ಬಗೆಯ ಮಲೇರಿಯಾ ರೋಗಾಣುವಿನ ನೀಲಿ ಉಂಗುರ, ಅದರ ಅಂಚಿನ ಕೆಂಪು ಚುಕ್ಕೆ ಎರಡೂ ಬೇರೆ ಬೇರೆಯಾಗಿ ಕಾಣುತ್ತವೆ. ಮಲೇರಿಯಾ ಇಷ್ಟು ಕಾಡಿದ ಊರಿನಲ್ಲಿ ಅದೇ ಅಲ್ವಾ ಮುಖ್ಯ?

ತೊಂದರೆ ಬಂದಿದ್ದು ದೊಡ್ಡ ಬಾಟಲಿಯಿಂದ. ಸ್ಟೋರ್‌ನಿಂದ 500 ಮಿಲಿಯದ್ದು ಬಂದಿತ್ತು. ದಿನಕ್ಕೆ ಹತ್ತಾರು ಸಲ ಮುಚ್ಚಳ ತೆಗೆಯುತ್ತೇವೆ. ಮೆಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ನಮ್ಮ ಮಳೆಗಾಲದ ಗಾಳಿಯಂತೂ ಕೇಳಲೇಬೇಡಿ. ಆಗಸ್ಟ್ ಹೊತ್ತಿಗೆ ಕೆಂಪುಕಣಗಳಲ್ಲಿ ತೂತು ಬಿದ್ದಂತೆ ಹೊಳಪು, ಅಲ್ಲಲ್ಲಿ ಸ್ಟೇನ್‌ನ ಗಸಿ.

ಒಂದು ಸಂಜೆ ನಮ್ಮ ಟ್ರೈನಿ ಹುಡುಗಿ ಕರೆದಳು. "ಅಕ್ಕಾ, ಇದು ವೈವ್ಯಾಕ್ಸ್ ಉಂಗುರ ಅಲ್ವಾ?" ಫೈನ್ ಫೋಕಸ್ ತಿರುಗಿಸಿದೆ. ಕೆಂಪುಕಣ ಮಸುಕಾದ ಮೇಲೆ ಆ ಚುಕ್ಕೆ ಸ್ಪಷ್ಟವಾಯಿತು. ಅಂದರೆ ಅದು ಕಣದ ಒಳಗಿನ ರೋಗಾಣು ಅಲ್ಲ, ಮೇಲೆ ಕೂತ ಗಸಿ. ಹೊಸ ಬಾಟಲಿ ತೆರೆದು ಇನ್ನೆರಡು ಸ್ಮಿಯರ್ ಮಾಡಿ ಹುಡುಕಿದೆವು. ಏನೂ ಇರಲಿಲ್ಲ. ಪೇಷಂಟ್ ಕಟ್ಟಡ ಕೆಲಸದ ಹುಡುಗ. ವೈವ್ಯಾಕ್ಸ್ ಎಂದು ಬರೆದಿದ್ದರೆ 14 ದಿನ ಸುಮ್ನೆ ಪ್ರೈಮಾಕ್ವಿನ್ ಮಾತ್ರೆ ನುಂಗಬೇಕಿತ್ತು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಬಣ್ಣದಲ್ಲಿ ಕೈಯಲ್ಲಿ ಮಾಡಿದ ಸ್ಟೇನ್ ಈಗಲೂ ಒಂದು ಕೈ ಮೇಲು. ಆದರೆ ಕೆಲಸ ಜಾಸ್ತಿ ಇರುವ ಲ್ಯಾಬಿಗೆ ರೆಡಿಮೇಡ್ ಧೈರ್ಯವಾಗಿ ತಗೊಳ್ಳಿ. ಕರಾವಳಿಯವರು ಮಾತ್ರ ಚಿಕ್ಕ ಬಾಟಲಿಯನ್ನೇ ಕೇಳಿ ತರಿಸಿ. ದೊಡ್ಡದು ಅಗ್ಗ ಎಂದು ಸ್ಟೋರ್‌ನವರು ಹೇಳಿಯೇ ಹೇಳುತ್ತಾರೆ, ಒಪ್ಪಬೇಡಿ. ನಾವೀಗ ಬಾಟಲಿ ತೆರೆದ ತಾರೀಕನ್ನು ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ಬರೆದಿಡುತ್ತೇವೆ.